ಮರಿ ಎದೇಲಿ ಮರ್ಮರ್ ಇದೆ ಅಂದ್ರು, ಮುಂದೇನು? ಬೆಕ್ಕಿನ ಹಾರ್ಟ್ ಬಗ್ಗೆ ಓದುಗರ ಪ್ರಶ್ನೆ, ವೆಟ್ ಉತ್ತರ

ಹೋದ ಸಂಚಿಕೇಲಿ ಬೆಕ್ಕಿನ ಮರಿಗಳ ವ್ಯಾಕ್ಸಿನ್ ಬಗ್ಗೆ ಬರೆದಿದ್ದೆ. ಅದನ್ನ ಓದಿ ಪತ್ರ ಬರೆದವರಲ್ಲಿ ಸುಮಾರು ಜನ ಕೇಳಿರೋದು ಹಾರ್ಟ್ ಬಗ್ಗೆ. ವ್ಯಾಕ್ಸಿನ್‌ಗೆ ಅಂತ ಕರ್ಕೊಂಡು ಹೋದ್ವಿ, ಡಾಕ್ಟ್ರು ಸ್ಟೆತಸ್ಕೋಪ್ ಇಟ್ಟು ನೋಡಿ ಏನೋ ಸದ್ದು ಬರ್ತಿದೆ ಅಂದ್ರು, ಅಲ್ಲಿಂದ ನಿದ್ದೆ ಇಲ್ಲ ಅಂತ ಬರೆದಿದ್ದಾರೆ. ಅಂಗೈಯಗಲ ಇರೋ ಮರಿ ಹಾರ್ಟ್ ಸರಿ ಇಲ್ಲ ಅಂತ ಕೇಳಿದ್ರೆ ಯಾರಿಗಾದ್ರೂ ಕೈಕಾಲು ಆಡಲ್ಲ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇಟ್ಟಿದೀನಿ. ಹುಟ್ಟಿನಿಂದ್ಲೇ ಬರೋ ಹಾರ್ಟ್ ದೋಷ ಬೆಕ್ಕುಗಳಲ್ಲಿ ಅಪರೂಪ, ನೂರು ಬೆಕ್ಕು ನೋಡಿದ್ರೆ ಒಂದು ಸಿಗೋದೂ ಕಷ್ಟ. ಅಪರೂಪ ಆಗಿರೋದ್ರಿಂದಲೇ ಇದರ ಬಗ್ಗೆ ಸರಿಯಾಗಿ ಹೇಳೋರೂ ಕಮ್ಮಿ.

ಪ್ರಶ್ನೆ: ಸರ್, ನಮ್ಮ ಬೀದೀಲಿ ಕಾರಿನ ಕೆಳಗೆ ಸಿಕ್ಕಿದ ಮರಿ, ಈಗ ಎರಡೂವರೆ ತಿಂಗಳು ಇರಬಹುದು. ಮೊದಲ ವ್ಯಾಕ್ಸಿನ್‌ಗೆ ಹೋದಾಗ ಡಾಕ್ಟ್ರು ಗ್ರೇಡ್ 4 ಮರ್ಮರ್ ಇದೆ, ಹಾರ್ಟಲ್ಲಿ ತೂತು ಇರಬಹುದು ಅಂದ್ರು. ಆದ್ರೆ ಮರಿ ಚೆನ್ನಾಗಿ ತಿನ್ನುತ್ತೆ, ಕರ್ಟನ್ ಹತ್ತುತ್ತೆ, ರಾತ್ರಿ ಎಲ್ಲಾ ಓಡಾಡುತ್ತೆ. ಮನೇಲಿ ಎಲ್ರೂ ಇದು ಉಳಿಯೋ ಮರಿ ಅಲ್ಲ, ಜಾಸ್ತಿ ಹಚ್ಕೋಬೇಡ, ಎಲ್ಲಿ ಸಿಕ್ತೋ ಅಲ್ಲೇ ಬಿಟ್ಬಿಡು ಅಂತಿದಾರೆ. ಏನ್ ಮಾಡ್ಲಿ?
— ಓದುಗರು, ಮೈಸೂರು

ಉತ್ತರ: ಹಚ್ಕೊಳ್ಳಿ ಮೇಡಂ, ದಯವಿಟ್ಟು ಬೀದಿಗೆ ಮಾತ್ರ ಬಿಡಬೇಡಿ. ಕರ್ಟನ್ ಹತ್ತೋ, ಹೊಟ್ಟೆ ತುಂಬ ತಿನ್ನೋ ಮರಿ ಬಗ್ಗೆ "ಉಳಿಯಲ್ಲ" ಅಂತ ಸ್ಟೆತಸ್ಕೋಪಲ್ಲಿ ಕೇಳಿದ ಸದ್ದೊಂದನ್ನೇ ಇಟ್ಕೊಂಡು ಹೇಳೋಕೆ ಯಾರಿಗೂ ಆಗಲ್ಲ, ನಂಗೂ ಆಗಲ್ಲ.

ಮರ್ಮರ್ ಅಂದ್ರೆ ಕಾಯಿಲೆ ಹೆಸರಲ್ಲ. ಹಾರ್ಟ್ ಲಬ್ ಡಬ್ ಅಂತ ಬಡಿಯೋ ಮಧ್ಯೆ ರಕ್ತ ಎಲ್ಲೋ ರಭಸವಾಗಿ, ಸುಳಿ ಸುತ್ಕೊಂಡು ಹರಿತಿದೆ ಅನ್ನೋದಕ್ಕೆ ಬರೋ "ಶ್" ಅನ್ನೋ ಸದ್ದು ಅಷ್ಟೇ. ಅದನ್ನ 1ರಿಂದ 6ರವರೆಗೆ ಗ್ರೇಡ್ ಮಾಡ್ತೀವಿ, 1 ಅಂದ್ರೆ ಸದ್ದಿಲ್ಲದ ರೂಮಲ್ಲಿ ಕಿವಿಗೊಟ್ಟು ಕೇಳಿದ್ರೆ ಮಾತ್ರ ಸಿಗೋದು, 5 ಮುಟ್ಟಿದ್ರೆ ಎದೆ ಮೇಲೆ ಬೆರಳಿಟ್ರೆ ಸಾಕು ಝುಂ ಅಂತ ಗೊತ್ತಾಗುತ್ತೆ. ಜನ ಇಲ್ಲೇ ಎಡವೋದು, ಯಾಕಂದ್ರೆ ಗ್ರೇಡ್ ಅನ್ನೋದು ಸದ್ದಿನ ಜೋರು, ಕಾಯಿಲೆಯ ಜೋರಲ್ಲ. ನಿಮ್ಮ ಡಾಕ್ಟ್ರು ಹೇಳಿದ ತೂತು, ಅಂದ್ರೆ ಹಾರ್ಟಿನ ಕೆಳಗಿನ ಎರಡು ಕೋಣೆಗಳ ಮಧ್ಯದ ಗೋಡೇಲಿ ಇರೋ ತೂತು, ನಾವು ವಿಎಸ್‌ಡಿ ಅಂತೀವಿ, ಬೆಕ್ಕುಗಳಲ್ಲಿ ಸಿಗೋ ಹುಟ್ಟು ದೋಷಗಳಲ್ಲಿ ಇದೇ ಮುಂದೆ. ಇದರಲ್ಲಿ ತೂತು ಸಣ್ಣದಾದಷ್ಟೂ ಸದ್ದು ಜಾಸ್ತಿ. ಗಿಡಕ್ಕೆ ನೀರು ಬಿಡೋ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ್ರೆ ನೀರು ಚಿಮ್ಮಿ ಸದ್ದು ಮಾಡುತ್ತಲ್ಲ ಹಾಗೆ, ಎಡ ಕೋಣೇಲಿ ಒತ್ತಡ ಜಾಸ್ತಿ, ಬಲದಲ್ಲಿ ಕಮ್ಮಿ, ಸಣ್ಣ ಸಂದೀಲಿ ರಕ್ತ ನುಗ್ಗಿದ್ರೆ ಗಲಾಟೆ ಜೋರು. ದೊಡ್ಡ ತೂತಾದ್ರೆ ರಕ್ತ ಸಲೀಸಾಗಿ ಆ ಕಡೆ ಹೋಗಿಬಿಡುತ್ತೆ, ಸದ್ದು ಅಷ್ಟಿರಲ್ಲ, ಆದ್ರೆ ಶ್ವಾಸಕೋಶಕ್ಕೆ ಬೇಡದಷ್ಟು ರಕ್ತ ತುಂಬಿ ಮರಿ ಸೊರಗುತ್ತೆ. ಮನುಷ್ಯರಲ್ಲಿ ಇದನ್ನ 1879ರಲ್ಲೇ ಪ್ಯಾರಿಸ್ಸಿನ ಆನ್ರಿ ರೋಜೆ ಅನ್ನೋ ಡಾಕ್ಟ್ರು ಬರೆದಿಟ್ಟಿದ್ರು, ಎದೇಲಿ ಇಷ್ಟು ಜೋರು ಸದ್ದಿದ್ರೂ ಆರಾಮಾಗಿರೋ ಮಕ್ಕಳಿದಾರೆ ಅಂತ. ಸಣ್ಣ ವಿಎಸ್‌ಡಿ ಇರೋ ಎಷ್ಟೋ ಬೆಕ್ಕುಗಳು ಮಾತ್ರೆನೇ ಇಲ್ಲದೆ ಪೂರ್ತಿ ಆಯಸ್ಸು ಬಾಳ್ತವೆ.

ಇನ್ನೊಂದು ವಿಷ್ಯ, ಅದು ತೂತೇ ಅಂತಾನೂ ಗ್ಯಾರಂಟಿ ಇಲ್ಲ. ಬೀದಿ ಮರಿ ಅಂದ್ರೆ ಮೈತುಂಬ ಚಿಗಟ, ಹೊಟ್ಟೆ ತುಂಬ ಜಂತುಹುಳ ಇರೋದು ಮಾಮೂಲು, ಅದರಿಂದ ರಕ್ತ ಕಮ್ಮಿ ಆಗಿ ತೆಳ್ಳಗಾದ್ರೂ ಮರ್ಮರ್ ಕೇಳುತ್ತೆ. ಬೆಳೆಯೋ ಮರಿಗಳಲ್ಲಿ ಏನೂ ದೋಷ ಇಲ್ಲದೇನೂ ಮೆಲ್ಲಗೆ ಒಂದು ಸದ್ದು ಇದ್ದು, ನಾಲ್ಕೈದು ತಿಂಗಳಾಗೋ ಹೊತ್ತಿಗೆ ತಾನಾಗೇ ಹೋಗೋದೂ ಉಂಟು. ಆದ್ರೆ ಗ್ರೇಡ್ 4 ಅಂದಿದಾರೆ ಅಂದ್ರೆ ಅದನ್ನ ಆ ಲೆಕ್ಕಕ್ಕೆ ಹಾಕಿ ಸುಮ್ನಿರೋದು ಸರಿಯಲ್ಲ, ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನಿಂಗ್, ಮಾಡಿಸಲೇಬೇಕು. (ಬೆಕ್ಕಿನ ಎದೆ ಕೇಳೋದೇ ಒಂದು ಕಷ್ಟ. ಟೇಬಲ್ ಮೇಲೆ ಇಟ್ಟ ತಕ್ಷಣ ಕೆಲವು ಗುರುಗುರು ಶುರು ಮಾಡ್ತವೆ, ಆ ಸದ್ದಲ್ಲಿ ಹಾರ್ಟ್ ಮುಳುಗಿಹೋಗುತ್ತೆ. ಆಗ ನಾವು ಪಕ್ಕದ ಸಿಂಕಿನ ನಲ್ಲಿ ತಿರುಗಿಸ್ತೀವಿ, ನೀರು ಬೀಳೋ ಸದ್ದಿಗೆ ಬೆಕ್ಕು ಕಿವಿ ನೆಟ್ಟಗೆ ಮಾಡಿ ಆ ಕಡೆ ನೋಡುತ್ತೆ, ಗುರುಗುರು ನಿಲ್ಲುತ್ತೆ, ಆ ಗ್ಯಾಪಲ್ಲಿ ಕೇಳ್ಕೋಬೇಕು. ನಿಮ್ಮ ಡಾಕ್ಟ್ರು ಹಾಗೆ ಮಾಡಿದ್ರೆ ಆಶ್ಚರ್ಯ ಪಡಬೇಡಿ.)

ಎಕೋ ಅಂದ್ರೆ ಹೆದರೋ ಅಂಥದ್ದೇನಿಲ್ಲ, ಸೂಜಿ ಇಲ್ಲ, ನೋವಿಲ್ಲ, ಸಾಮಾನ್ಯವಾಗಿ ಅರಿವಳಿಕೆನೂ ಬೇಡ. ಮಧ್ಯದಲ್ಲಿ ಕಿಂಡಿ ಇರೋ ಟೇಬಲ್ ಮೇಲೆ ಮರೀನ ಮಗ್ಗುಲಾಗಿ ಮಲಗಿಸಿ, ಎದೆ ಹತ್ರ ಸ್ವಲ್ಪ ಕೂದಲು ಒದ್ದೆ ಮಾಡಿ ಇಲ್ಲಾ ಬೋಳಿಸಿ, ಕೆಳಗಿನ ಕಿಂಡಿಯಿಂದ ಪ್ರೋಬ್ ಇಡ್ತಾರೆ. ನೀವೇ ತಲೆ ಹತ್ರ ನಿಂತು ಗಲ್ಲ ಸವರ್ತಾ ಇರಬಹುದು. ಸ್ಕ್ರೀನಲ್ಲಿ ಗೋಡೆ, ವಾಲ್ವ್ ಎಲ್ಲಾ ಕಾಣುತ್ತೆ, ಡಾಪ್ಲರ್ ಹಾಕಿದ್ರೆ ರಕ್ತ ಪ್ರೋಬಿನ ಕಡೆ ಬರ್ತಿದ್ರೆ ಕೆಂಪು, ದೂರ ಹೋಗ್ತಿದ್ರೆ ನೀಲಿ, ತೂತಿನ ಜಾಗದಲ್ಲಿ ಬಣ್ಣ ಎಲ್ಲಾ ಕಲಸಿಕೊಂಡು ಚಿಮ್ಮೋದು ನಿಮ್ಮ ಕಣ್ಣಿಗೂ ಕಾಣುತ್ತೆ. ತೂತು ಎಷ್ಟು ದೊಡ್ಡದು, ಎಡಗಡೆ ಕೋಣೆ ಹಿಗ್ಗಿದೆಯಾ ಇಲ್ವಾ ಅನ್ನೋದು ಅಲ್ಲಿ ತೀರ್ಮಾನ ಆಗುತ್ತೆ. ಮಾಡೋರು ಬೆಕ್ಕಿನ ಹಾರ್ಟ್ ನೋಡಿ ಅಭ್ಯಾಸ ಇರೋರಾಗಿರಲಿ, ಹೊಟ್ಟೆ ಸ್ಕ್ಯಾನಿಂಗ್ ಮಾಡೋರೆಲ್ಲಾ ಇದನ್ನ ಮಾಡೋಕಾಗಲ್ಲ, ಇದನ್ನ ಮೊದಲೇ ಫೋನಲ್ಲಿ ಕೇಳ್ಕೊಳ್ಳಿ.

ಅಲ್ಲಿವರೆಗೆ ಮನೇಲಿ ನೀವು ಮಾಡೋ ಕೆಲಸ ಉಸಿರು ಎಣಿಸೋದು, ಇದನ್ನ ಎಲ್ಲಾ ಓದುಗರೂ ಕಲ್ತುಕೊಳ್ಳಿ ಅಂತ ನನ್ನ ಕಳಕಳಿಯ ವಿನಂತಿ. ಮರಿ ಚೆನ್ನಾಗಿ ನಿದ್ದೆ ಮಾಡ್ತಿರುವಾಗ ಪಕ್ಕದಲ್ಲಿ ಕೂತ್ಕೊಂಡು ಪಕ್ಕೆ ನೋಡಿ, ಒಂದು ಸಲ ಏರಿ ಇಳಿದ್ರೆ ಒಂದು. ಮೊಬೈಲಲ್ಲಿ 30 ಸೆಕೆಂಡ್ ಟೈಮರ್ ಇಟ್ಟು ಎಣಿಸಿ ಎರಡರಿಂದ ಗುಣಿಸಿ. ಕನಸು ಕಾಣ್ತಾ ಮೀಸೆ, ಕಾಲು ಅದುರಿಸ್ತಿದ್ರೆ ಎಣಿಸಬೇಡಿ, ಗುರುಗುರು ಅಂತಿದ್ರೂ ಬೇಡ, ಲೆಕ್ಕ ತಪ್ಪುತ್ತೆ. ನಿಮಿಷಕ್ಕೆ 30ರ ಒಳಗಿದ್ರೆ ನೆಮ್ಮದಿ. ನಿದ್ದೇಲೂ ಪದೇಪದೇ 30 ದಾಟ್ತಿದೆ, ದಿನದಿಂದ ದಿನಕ್ಕೆ ಏರ್ತಿದೆ ಅಂದ್ರೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ. ಕೆಮ್ಮು ಬರ್ಲಿ ಅಂತ ಕಾಯಬೇಡಿ, ಹಾರ್ಟ್ ಫೇಲ್ ಆಗ್ತಿರೋ ನಾಯಿ ಕೆಮ್ಮುತ್ತೆ, ಬೆಕ್ಕು ಕೆಮ್ಮೋದು ಅಪರೂಪ, ಅದು ಮೂಲೇಲಿ ಸುಮ್ನೆ ಕೂತ್ಕೊಂಡು ಬೇಗಬೇಗ ಉಸಿರಾಡುತ್ತೆ ಅಷ್ಟೇ. ಮೈಗೆ ಬೇರೆ ಏನೂ ಇಲ್ಲ ಅಂದ್ರೆ ವ್ಯಾಕ್ಸಿನ್ ನಿಲ್ಲಿಸೋ ಅವಶ್ಯಕತೆ ಇಲ್ಲ. ಸಂತಾನಹರಣ ಆಪರೇಷನ್‌ಗೆ ಮುಂಚೆ ಮಾತ್ರ ಎಕೋ ರಿಪೋರ್ಟ್ ಕೈಲಿರಲಿ, ಅರಿವಳಿಕೆ ಯಾವುದು ಕೊಡಬೇಕು, ಡ್ರಿಪ್ ಎಷ್ಟು ನಿಧಾನ ಬಿಡಬೇಕು ಅನ್ನೋದೆಲ್ಲಾ ಅದರ ಮೇಲೆ ನಿಂತಿರುತ್ತೆ.

ಪ್ರಶ್ನೆ: ನಮಸ್ಕಾರ್ರಿ ಡಾಕ್ಟ್ರ. ನಮ್ಮ ಮನ್ಯಾಗ ನಾಲ್ಕ ತಿಂಗಳದ ಗಂಡ ಮರಿ ಐತ್ರಿ. ಇದರ ಜೋಡಿ ಹುಟ್ಟಿದ್ದ ಮರಿ ಎಲ್ಲಾ ಇದರ ಡಬಲ್ ಆಗ್ಯಾವು, ಇದೊಂದ ಸಣ್ಣ ಉಳದೈತಿ. ಸ್ವಲ್ಪ ಆಟ ಆಡಿದ್ರ ಸಾಕು ಬಾಯಿ ತಗದ ತೇಕತೈತಿ, ನಾಲಿಗಿ ನೀಲಿ ಆಗತೈತಿ, ಒಮ್ಮೊಮ್ಮಿ ಅಲ್ಲೇ ಅಡ್ಡ ಬೀಳತೈತಿ, ಆಮ್ಯಾಲ ತಾನ ಏಳತೈತಿ. ನಮ್ಮವ್ವ ಥಂಡಿ ಹತ್ತೈತಿ ಅಂತ ಎದಿಗೆ ಬಾಮ್ ಹಚ್ಯಾಳ, ಜ್ವರದ ಗುಳಿಗಿ ಅರ್ಧಾ ಹಾಕೂಣೇನು ಅಂತ ಕೇಳಾಕತ್ಯಾಳ.
— ಓದುಗರು, ಧಾರವಾಡ

ಉತ್ತರ: ಮೊದಲು ಅವ್ವನಿಗೆ ಹೇಳಿ, ಜ್ವರದ ಗುಳಿಗೆ ಬೇಡವೇ ಬೇಡ, ಅರ್ಧನೂ ಬೇಡ ಕಾಲೂ ಬೇಡ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಲಿವರ್ ಅದನ್ನ ಕರಗಿಸಿ ಹೊರಗೆ ಹಾಕುತ್ತೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ಇಲ್ಲ, ಅದು ರಕ್ತದೊಳಗಿನ ಹಿಮೋಗ್ಲೋಬಿನ್ನನ್ನೇ ಕೆಡಿಸಿ ಆಕ್ಸಿಜನ್ ಹೊರದಂಗೆ ಮಾಡುತ್ತೆ. ಮನುಷ್ಯರ 500 ಎಂಜಿ ಮಾತ್ರೆ ಒಂದೇ ಸಾಕು ಬೆಕ್ಕಿನ ಜೀವ ತೆಗೆಯೋಕೆ. ಮೊದಲೇ ಆಕ್ಸಿಜನ್ ಸಾಲದೆ ನೀಲಿ ಆಗ್ತಿರೋ ಮರಿಗೆ ಕೇಳೋದೇ ಬೇಡ. ಬಾಮನ್ನೂ ಒದ್ದೆ ಬಟ್ಟೇಲಿ ಒರೆಸಿ ತೆಗೀರಿ, ಅದರೊಳಗಿನ ಕರ್ಪೂರನೂ ಬೆಕ್ಕಿಗೆ ಆಗಿಬರಲ್ಲ, ನೆಕ್ಕಿಕೊಂಡೇ ನೆಕ್ಕಿಕೊಳ್ಳುತ್ತೆ.

ಬೆಕ್ಕು ನಾಯಿ ಥರ ಬಾಯಿ ತೆಗೆದು ತೇಕೋದು ಮಾಮೂಲಲ್ಲ. ಎದೇಲಿ ನೀರು ತುಂಬಿದ್ರೆ, ಅಸ್ತಮಾ ಇದ್ರೆ, ನ್ಯುಮೋನಿಯಾ ಆದ್ರೂ ಹಾಗೆ ಮಾಡುತ್ತೆ. ಆದ್ರೆ ನೀವು ಬರೆದಿರೋದು ಎಲ್ಲಾ ಜೋಡಿಸಿ ನೋಡಿದ್ರೆ, ಬೆಳವಣಿಗೆ ಕುಂಠಿತ, ಆಡಿದಾಗ ನೀಲಿ, ಬಿದ್ದು ಏಳೋದು, ನಂಗೆ ಮೊದಲು ಅನುಮಾನ ಬರೋದು ಟೆಟ್ರಾಲಜಿ ಆಫ್ ಫಾಲೋ ಮೇಲೆ. ನಾಲ್ಕು ದೋಷ ಒಟ್ಟಿಗೆ ಇರೋ ಹಾರ್ಟ್ ಅದು: ಕೆಳಗಿನ ಕೋಣೆಗಳ ಮಧ್ಯೆ ದೊಡ್ಡ ತೂತು, ಶ್ವಾಸಕೋಶಕ್ಕೆ ಹೋಗೋ ದಾರಿ ಇಕ್ಕಟ್ಟು, ಮಹಾಧಮನಿ ತನ್ನ ಜಾಗ ಬಿಟ್ಟು ತೂತಿನ ಮೇಲೆ ಕೂತಿರೋದು, ಇಕ್ಕಟ್ಟಿನ ವಿರುದ್ಧ ಒತ್ತಿ ಒತ್ತಿ ಬಲಗಡೆ ಗೋಡೆ ದಪ್ಪ ಆಗಿರೋದು. ಫ್ರಾನ್ಸಿನ ಮಾರ್ಸೇಲ್ ಊರಿನ ಫಾಲೋ ಅನ್ನೋ ಡಾಕ್ಟ್ರು 1888ರಲ್ಲಿ ಇದನ್ನ ವಿವರವಾಗಿ ಬರೆದಿದ್ದಕ್ಕೆ ಆ ಹೆಸರು. ಇದರಲ್ಲಿ ಕೆಟ್ಟ ರಕ್ತ ಶ್ವಾಸಕೋಶಕ್ಕೆ ಹೋಗೋ ಬದಲು ಸೀದಾ ಮೈಗೆ ಹೋಗಿಬಿಡುತ್ತೆ, ಅದಕ್ಕೇ ನೀಲಿ.

ಮೈ ಇದಕ್ಕೆ ಒಂದು ಉಪಾಯ ಮಾಡುತ್ತೆ, ಕೆಂಪು ರಕ್ತಕಣ ಜಾಸ್ತಿ ಮಾಡ್ಕೊಳ್ಳುತ್ತೆ, ಕೊನೆಗೆ ಅದೇ ತೊಂದರೆ. ರಕ್ತ ಮಂದ ಆಗುತ್ತೆ, ಮಿದುಳಿಗೆ ಸರಿಯಾಗಿ ಹರಿಯಲ್ಲ, ಫಿಟ್ಸ್ ಬರಬಹುದು. ಹಾಗಾಗಿ ಈ ಮರಿಗೆ ನೀರು ಯಾವಾಗ್ಲೂ ಕೈಗೆಟುಕೋ ಹಾಗಿರಲಿ, ನಿಮ್ಮ ಕಡೆ ಬ್ಯಾಸಿಗೇಲಿ ಅಂತೂ ಎರಡು ಮೂರು ಕಡೆ ಬಟ್ಟಲಿಡಿ, ಮಧ್ಯಾಹ್ನ ತಂಪಿರೋ ಕೋಣೇಲಿ ಇಡಿ. ಹಾರ್ಟ್ ಪ್ರಾಬ್ಲಮ್ ಅಂದ ಕೂಡಲೇ ನೀರು ಇಳಿಸೋ ಮಾತ್ರೆ ಅಂತ ಮೆಡಿಕಲ್ ಶಾಪಲ್ಲಿ ಕೇಳಿ ತಂದು ಹಾಕೋರಿದಾರೆ, ಇಲ್ಲಿ ಅದು ರಕ್ತಾನ ಇನ್ನೂ ಮಂದ ಮಾಡುತ್ತೆ. ಡಾಕ್ಟ್ರು ರಕ್ತ ಪರೀಕ್ಷೆ ಮಾಡಿ ತೀರಾ ಮಂದ ಇದ್ರೆ ಅಳತೆ ನೋಡಿ ಸ್ವಲ್ಪ ರಕ್ತ ತೆಗೆದು ಅಷ್ಟೇ ಸಲೈನ್ ಕೊಡ್ತಾರೆ, ಕೆಲವಕ್ಕೆ ಪ್ರೊಪ್ರನೊಲಾಲ್ ಥರದ ಮಾತ್ರೆ ಕೊಟ್ಟು ಆ ನೀಲಿ ಆಗೋ ಅಟ್ಯಾಕ್ ಕಮ್ಮಿ ಮಾಡ್ತಾರೆ. ಅಟ್ಯಾಕ್ ಬಂದಾಗ ಎತ್ತಿ ಅಲುಗಾಡಿಸಬೇಡಿ, ಬಾಯಿಗೆ ನೀರು ಬಿಡಬೇಡಿ, ಫ್ಯಾನ್ ಹಾಕಿ ಸುತ್ತ ಜನ ಇಲ್ಲದಂಗೆ ಮಾಡಿ, ಚೇತರಿಸಿಕೊಳ್ಳದಿದ್ರೆ ಡಬ್ಬೀಲಿ ಇಟ್ಕೊಂಡು ಆಕ್ಸಿಜನ್ ಇರೋ ಕ್ಲಿನಿಕ್ಕಿಗೆ ಓಡಿ.

ಪೂರ್ತಿ ವಾಸಿ ಆಗುತ್ತಾ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಇದೇ ದೋಷದಿಂದ ಮೈ ನೀಲಿ ಆಗೋ ಮಕ್ಕಳಿಗೆ ಮೊದಲ ಆಪರೇಷನ್ ಆಗಿದ್ದು 1944 ನವೆಂಬರ್ 29ಕ್ಕೆ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೇಲಿ, ಹೆಲೆನ್ ಟಾಸಿಗ್ ಅವರ ಯೋಚನೆ, ಆಲ್‌ಫ್ರೆಡ್ ಬ್ಲಾಲಾಕ್ ಅವರ ಕೈ, ಅದಕ್ಕೂ ಮುಂಚೆ ವಿವಿಯನ್ ಥಾಮಸ್ ಅನ್ನೋ ಸಹಾಯಕರು ಅದನ್ನ ಕಲಿತಿದ್ದು ಲ್ಯಾಬಿನ ನಾಯಿಗಳ ಮೇಲೆ. ಪ್ರಾಣಿಗಳಿಂದ ಕಲಿತ ಆ ವಿದ್ಯೆ ಒಂದು ಬೆಕ್ಕಿನ ಮರಿಗೆ ಸುಲಭವಾಗಿ ಸಿಗಬೇಕಿತ್ತು, ಇವತ್ತಿಗೂ ಸಿಗ್ತಿಲ್ಲ, ಅದು ನನ್ನ ಮನಸ್ಸಿಗೆ ನೋವಾಗೋ ವಿಷ್ಯ. ಹಾಗಾಗಿ ನಮ್ಮ ಕೈಲಿರೋದು ಈ ಮರಿ ಇರೋಷ್ಟು ದಿನ ಉಸಿರಿಗೆ ಒದ್ದಾಡದ ಹಾಗೆ ನೋಡ್ಕೊಳ್ಳೋದು. ಕೂತಲ್ಲೇ ತೇಕೋ ಹಾಗಾಗಿ, ಊಟ ಬಿಟ್ಟು, ದಿನಾ ಬೀಳೋಕೆ ಶುರುವಾದ್ರೆ ಆಗ ಡಾಕ್ಟ್ರ ಜೊತೆ ನೋವಿಲ್ಲದೆ ಕಳಿಸಿಕೊಡೋ ಮಾತು ಆಡೋದ್ರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ಡಾಕ್ಟ್ರೆ, ನಮ್ಮಲ್ಲಿ ಒಂದು ಮರಿ ಉಂಟು. ತಾಯಿ ಹಾಲು ಕುಡಿಯುವಾಗ ಸರಿ ಇತ್ತು. ಈಗ ಬೂತಾಯಿ ಬೇಯಿಸಿ ಅನ್ನಕ್ಕೆ ಕಲಸಿ ಹಾಕ್ಲಿಕ್ಕೆ ಶುರು ಮಾಡಿದ ಮೇಲೆ ತಿಂದದ್ದು ಹಾಗೆಯೇ ವಾಪಸ್ ಬರ್ತದೆ, ಪುನಃ ಅದನ್ನೇ ತಿನ್ಲಿಕ್ಕೆ ಹೋಗ್ತದೆ. ಹಸಿವು ಮಾತ್ರ ಜೋರುಂಟು, ಆದ್ರೆ ಸಪೂರ ಆಗ್ತಾ ಬರ್ತಾ ಉಂಟು. ಇಲ್ಲಿಯ ಡಾಕ್ಟ್ರು ಹಾರ್ಟ್ ಹತ್ರದ ರಕ್ತನಾಳದ ತೊಂದರೆ ಇರ್ಬಹುದು ಅಂದ್ರು. ವಾಂತಿಗೂ ಹಾರ್ಟಿಗೂ ಎಂಥ ಸಂಬಂಧ ಮಾರಾಯ್ರೆ?
— ಓದುಗರು, ಮಂಗಳೂರು

ಉತ್ತರ: ನಿಮ್ಮ ಡಾಕ್ಟ್ರು ತುಂಬ ಚೆನ್ನಾಗಿ ಯೋಚನೆ ಮಾಡಿದಾರೆ, ಎಷ್ಟೋ ಕಡೆ ಇಂಥ ಮರಿಗೆ ಜಂತಿನ ಔಷಧಿ, ವಾಂತಿ ನಿಲ್ಲೋ ಇಂಜೆಕ್ಷನ್ ಅಂತಾನೇ ವಾರಗಟ್ಟಲೆ ಹೋಗಿಬಿಡುತ್ತೆ. ಗಮನಿಸಿ ನೋಡಿ, ಅದು ವಾಂತಿ ಅಲ್ಲ. ವಾಂತಿ ಅಂದ್ರೆ ಹೊಟ್ಟೆ ಹಿಂಡಿ ಹಿಂಡಿ ಬರೋದು. ಇದು ಅನ್ನನಾಳದಲ್ಲೇ ನಿಂತು, ಹೊಟ್ಟೆ ಮುಟ್ಟದೆ, ಕುತ್ತಿಗೆ ಬಗ್ಗಿಸಿದ ತಕ್ಷಣ ಜಾರಿ ಬೀಳೋದು, ಜೀರ್ಣ ಆಗದ ಅನ್ನ ಅಗುಳು ಸಮೇತ.

ಮರಿ ತಾಯಿ ಹೊಟ್ಟೇಲಿರುವಾಗ ಹಾರ್ಟಿಂದ ಹೊರಡೋ ದೊಡ್ಡ ನಾಳಗಳು ಎರಡೂ ಬದೀಲಿ ಬಿಲ್ಲಿನ ಆಕಾರದಲ್ಲಿ ಹುಟ್ಟಿ, ಆಮೇಲೆ ಬಲಗಡೇದು ಮಾಯ ಆಗಿ ಎಡಗಡೇದು ಮಹಾಧಮನಿ ಆಗಿ ಉಳಿಬೇಕು. ಕೆಲವಲ್ಲಿ ಬಲಗಡೇದೇ ಉಳಿದುಬಿಡುತ್ತೆ. ಆಗ ಒಂದು ಕಡೆ ಮಹಾಧಮನಿ, ಕೆಳಗೆ ಹಾರ್ಟ್ ಮತ್ತು ಶ್ವಾಸಕೋಶದ ನಾಳ, ಇನ್ನೊಂದು ಕಡೆ ಒಂದು ನಾರು, ಇಷ್ಟೂ ಸೇರಿ ಅನ್ನನಾಳದ ಸುತ್ತ ಉಂಗುರ ಬೀಳುತ್ತೆ. ಹಾಲು ಅದರೊಳಗೆ ಇಳಿಯುತ್ತೆ, ಅನ್ನ ಮೀನು ಇಳಿಯಲ್ಲ. ಹಾಗಾಗಿ ಘನ ಆಹಾರ ಕೊಟ್ಟ ದಿನದಿಂದ್ಲೇ ಶುರು. ಬೆಕ್ಕಿಗಿಂತ ನಾಯಿಮರಿಗಳಲ್ಲಿ ಜಾಸ್ತಿ ನೋಡ್ತೀವಿ ಇದನ್ನ. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದ್ರೆ ಹಾರ್ಟಿನ ಮುಂದೆ ಅನ್ನನಾಳ ಚೀಲದ ಹಾಗೆ ಊದಿಕೊಂಡಿರೋದು ಕಾಣುತ್ತೆ.

ಇದಕ್ಕೆ ಔಷಧಿ ಇಲ್ಲ, ಎದೆ ತೆರೆದು ಆ ನಾರನ್ನ ಕತ್ತರಿಸಬೇಕು, ಉಂಗುರ ಬಿಡುತ್ತೆ. ತಡ ಮಾಡಿದಷ್ಟೂ ಅನ್ನನಾಳ ಹಿಗ್ಗಿ ಹಿಗ್ಗಿ ಆಪರೇಷನ್ ಆದ್ಮೇಲೂ ಸರಿಹೋಗಲ್ಲ. ಅಲ್ಲಿವರೆಗೆ ಎಲ್ಲಾ ಮಿಕ್ಸಿಗೆ ಹಾಕಿ ಗಂಜಿ ಹದಕ್ಕೆ ತಂದು, ಮರೀನ ಮುಂಗಾಲು ಎತ್ತಿ ನೆಟ್ಟಗೆ ನಿಲ್ಲಿಸಿಕೊಂಡು ಸ್ವಲ್ಪ ಸ್ವಲ್ಪ ತಿನ್ಸಿ, ತಿಂದ ಮೇಲೂ ಹತ್ತು ಹದಿನೈದು ನಿಮಿಷ ಹಾಗೇ ಎದೆಗೆ ಒರಗಿಸಿ ಹಿಡ್ಕೊಳ್ಳಿ. ವಾಪಸ್ ಬಂದಿದ್ದು ಶ್ವಾಸನಾಳಕ್ಕೆ ಹೋದ್ರೆ ನ್ಯುಮೋನಿಯಾ, ಇಂಥ ಮರಿಗಳು ಹೋಗೋದು ಹೆಚ್ಚಾಗಿ ಅದರಿಂದಲೇ.

ಪ್ರಶ್ನೆ: ಜಯದೇವದಲ್ಲಿ ಮಕ್ಕಳ ಹಾರ್ಟಿನ ತೂತಿಗೆ ಬಟನ್ ಹಾಕಿ ಮುಚ್ಚಿ ಮೂರನೇ ದಿನಕ್ಕೆ ಮನೆಗೆ ಕಳಿಸ್ತಾರೆ. ಬೆಕ್ಕಿಗೆ ಯಾಕೆ ಆಗಲ್ಲ? ನಮ್ಮ ಬೆಕ್ಕಿಗೆ ಪಿಡಿಎ ಅಂತ ರಿಪೋರ್ಟ್ ಬಂದಿದೆ, ವಯಸ್ಸು ಐದು ತಿಂಗಳು.
— ಓದುಗರು, ತುಮಕೂರು

ಉತ್ತರ: ರಿಪೋರ್ಟಲ್ಲಿ ಪಿಡಿಎ ಅಂತ ಬರೆದಿದ್ರೆ, ಬೇಜಾರಲ್ಲೂ ಸಮಾಧಾನ ಪಡೋ ಸುದ್ದಿ ಅದು, ಯಾಕಂದ್ರೆ ಬೆಕ್ಕಿನ ಹುಟ್ಟು ದೋಷಗಳಲ್ಲಿ ಆಪರೇಷನ್ನಿಂದ ಪೂರ್ತಿ ಸರಿಹೋಗೋ ಅಂಥದ್ದು ಯಾವುದು ಅಂದ್ರೆ ನಾನು ಮೊದಲು ಹೇಳೋ ಹೆಸರು ಇದು. ಹೊಟ್ಟೆಯೊಳಗಿರೋ ಮರಿ ಉಸಿರಾಡಲ್ಲ, ಹಾಗಾಗಿ ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತ ಒಂದು ಅಡ್ಡದಾರಿ ಹಿಡಿದು ಮಹಾಧಮನಿ ಸೇರುತ್ತೆ, ಹುಟ್ಟಿದ ಕೆಲವೇ ದಿನದಲ್ಲಿ ಆ ದಾರಿ ಮುಚ್ಚಬೇಕು. ನಿಮ್ಮ ಬೆಕ್ಕಿಗೆ ಮುಚ್ಚಿಲ್ಲ. ಸ್ಟೆತಸ್ಕೋಪಲ್ಲಿ ಇದರ ಸದ್ದು ಬಿಟ್ಟುಬಿಟ್ಟು ಬರಲ್ಲ, ಒಂದೇ ಸಮ ಗುಂಯ್ ಅಂತಿರುತ್ತೆ.

1938ರಲ್ಲಿ ಬಾಸ್ಟನ್‌ನ ರಾಬರ್ಟ್ ಗ್ರಾಸ್ ಅನ್ನೋ ಸರ್ಜನ್ ಏಳು ವರ್ಷದ ಹುಡುಗಿಗೆ ಈ ನಾಳಾನ ದಾರ ಹಾಕಿ ಕಟ್ಟಿ ವಾಸಿ ಮಾಡಿದ್ರು, ಆಗ ಹಾರ್ಟ್-ಲಂಗ್ ಮಷೀನ್ ಅನ್ನೋದು ಬಳಕೆಗೇ ಬಂದಿರಲಿಲ್ಲ. ಅಂದ್ರೆ ಹಾರ್ಟ್ ನಿಲ್ಲಿಸೋ ಅವಶ್ಯಕತೆ ಇಲ್ಲ, ನಾಳ ಇರೋದು ಹಾರ್ಟಿನ ಹೊರಗೆ. ಬೆಕ್ಕಿಗೂ ಅದನ್ನೇ ಮಾಡ್ತೀವಿ, ಎಡ ಪಕ್ಕೆಲುಬಿನ ಸಂದೀಲಿ ಹೋಗಿ ಕಟ್ಟೋದು. ವಿಎಸ್‌ಡಿ ಥರ ಒಳಗಿನ ತೂತು ಹೊಲಿಬೇಕು ಅಂದ್ರೆ ಮಾತ್ರ ಹಾರ್ಟ್ ನಿಲ್ಲಿಸಿ ಮಷೀನಿಗೆ ಹಾಕಬೇಕು, ಒಂದು ಕೆಜಿ ಮರಿ ಮೈಯಲ್ಲಿ ಇರೋ ರಕ್ತ ಒಟ್ಟು 60 ಎಂಎಲ್ ಆಸುಪಾಸು, ಮಷೀನಿನ ಪೈಪು ತುಂಬೋಕೇ ಸಾಲಲ್ಲ. ಬಟನ್ ಹಾಕೋಕೆ ತೊಡೆಯ ನಾಳದಿಂದ ಟ್ಯೂಬ್ ತೂರಿಸಬೇಕು, ಬೆಕ್ಕಿನ ತೊಡೆಯ ನಾಳ ತೀರಾ ಸಣ್ಣ. ಮಕ್ಕಳಿಗೆ ಆಗೋದು ಬೆಕ್ಕಿಗೆ ಆಗದೇ ಇರೋದು ಹೀಗಾಗಿ.

ನಿಮ್ಮ ವಿಷ್ಯದಲ್ಲಿ ಕಾಯಬೇಡಿ. ಶ್ವಾಸಕೋಶದ ನಾಳಗಳ ಒತ್ತಡ ಏರಿ ರಕ್ತ ಉಲ್ಟಾ ಹರಿಯೋಕೆ ಶುರುವಾದ್ರೆ ಆಮೇಲೆ ಕಟ್ಟೋ ಹಾಗೇ ಇಲ್ಲ, ಕಟ್ಟಿದ್ರೆ ಜೀವಕ್ಕೇ ಅಪಾಯ. ಎದೆ ಆಪರೇಷನ್ ಮಾಡಿ ಅನುಭವ ಇರೋ ಸರ್ಜನ್, ವೆಂಟಿಲೇಟರ್ ಇರೋ ಜಾಗ ಎರಡೂ ಬೇಕು. ತುಮಕೂರಿಂದ ಹತ್ರ ಅಂದ್ರೆ ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜು, ಅಲ್ಲಿ ಸರ್ಜರಿ ವಿಭಾಗದಲ್ಲಿ ಎಕೋ ರಿಪೋರ್ಟ್ ತೋರಿಸಿ ವಿಚಾರಿಸಿ.

ಪ್ರಶ್ನೆ: ಪರ್ಷಿಯನ್ ಬೆಕ್ಕಿಗೆ ಸಂತಾನಹರಣ ಮಾಡ್ಸೋ ಮುಂಚೆ ಎಕ್ಸ್‌ರೇ ತೆಗೆದಾಗ ಹಾರ್ಟ್ ಸಿಕ್ಕಾಪಟ್ಟೆ ದೊಡ್ಡದಾಗಿದೆ ಅಂದ್ರು, ಆಮೇಲೆ ಸ್ಕ್ಯಾನ್ ಮಾಡಿ ಹಾರ್ಟ್ ಸರಿ ಇದೆ, ಲಿವರ್ ಅಲ್ಲಿ ಹೋಗಿದೆ ಅಂದ್ರು. ಬೆಕ್ಕು ಆರಾಮಾಗಿದೆ. ಬಿದ್ದಿದ್ದರಿಂದ ಹಾಗಾಯ್ತಾ? ಇನ್ನೊಂದು, ಅಕ್ಕನ ಮನೇಲಿ ಮೇನ್ ಕೂನ್ ತಗೋತಿದಾರೆ, ಮಾರೋರು ಹಾರ್ಟ್ ಡಿಎನ್‌ಎ ಟೆಸ್ಟ್ ನೆಗೆಟಿವ್ ಅಂತ ಪೇಪರ್ ಕೊಡ್ತಾರಂತೆ, ಅಷ್ಟು ಸಾಕಾ?
— ಓದುಗರು, ಬೆಂಗಳೂರು

ಉತ್ತರ: ಬಿದ್ದಿದ್ದರಿಂದ ಅಲ್ಲ, ಹುಟ್ಟುವಾಗ್ಲೇ ಹಾಗೆ. ಹಾರ್ಟಿನ ಸುತ್ತ ಒಂದು ಚೀಲ ಇರುತ್ತೆ, ಆ ಚೀಲಕ್ಕೂ ಹೊಟ್ಟೆಗೂ ಮಧ್ಯೆ ವಪೆ, ಅಂದ್ರೆ ಎದೆ ಹೊಟ್ಟೆ ಬೇರೆ ಮಾಡೋ ಪರದೆ, ಪೂರ್ತಿ ಕೂಡಿಕೊಳ್ಳದೆ ಬಾಗಿಲು ಉಳಿದುಬಿಟ್ರೆ ಲಿವರ್, ಪಿತ್ತಕೋಶ, ಒಮ್ಮೊಮ್ಮೆ ಕರುಳೂ ಹಾರ್ಟಿನ ಚೀಲದೊಳಗೆ ಹೋಗಿ ಕೂರುತ್ತೆ. ಪರ್ಷಿಯನ್ ಥರದ ಉದ್ದ ಕೂದಲಿನ ತಳಿಗಳಲ್ಲಿ ಜಾಸ್ತಿ. ಎಷ್ಟೋ ಬೆಕ್ಕುಗಳಿಗೆ ವರ್ಷಗಟ್ಟಲೆ ಗೊತ್ತೇ ಆಗಲ್ಲ, ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ಸಿಗುತ್ತೆ. ಉಸಿರು, ಊಟ ಎಲ್ಲಾ ಸರಿ ಇದ್ದು ಲಿವರ್ ಸ್ವಲ್ಪ ಮಾತ್ರ ಹೋಗಿದ್ರೆ ಗಮನ ಇಟ್ಕೊಂಡು ಹಾಗೇ ಇರಬಹುದು. ಕರುಳು ಹೋಗಿದ್ರೆ, ಇಲ್ಲಾ ವಾಂತಿ, ಏದುಸಿರು ಇದ್ರೆ ಹೊಟ್ಟೆ ಕಡೆಯಿಂದ ತೆರೆದು ಎಲ್ಲಾ ವಾಪಸ್ ಇಳಿಸಿ ಹೊಲಿಬೇಕು. ಎಳೇ ಬೆಕ್ಕಾದ್ರೆ ಸಂತಾನಹರಣದ ಜೊತೆಗೇ ಮಾಡೋಣ ಅಂತ ನಾನು ಹೇಳ್ತೀನಿ, ಬೇರೆ ಡಾಕ್ಟ್ರು ಬೇಡ ಅಂದ್ರೂ ಅದು ತಪ್ಪಲ್ಲ.

ಅಕ್ಕನಿಗೆ ಹೇಳಿ, ಆ ಪೇಪರ್ ಸಾಲಲ್ಲ. ಮೇನ್ ಕೂನ್‌ಗೆ ಬರೋದು ಹಾರ್ಟಿನ ಮಾಂಸ ದಪ್ಪ ಆಗೋ ಕಾಯಿಲೆ, ಎಚ್‌ಸಿಎಂ. ಇದು ಹುಟ್ಟುವಾಗ ಕಾಣಲ್ಲ, ಜೀನಲ್ಲಿದ್ದು ದೊಡ್ಡದಾಗ್ತಾ ಬರುತ್ತೆ. ಹುಟ್ಟು ದೋಷಗಳಿಗಿಂತ ಇದೇ ಎಷ್ಟೋ ಪಾಲು ಜಾಸ್ತಿ, ನಮ್ಮ ನಾಡ ಬೆಕ್ಕುಗಳನ್ನೂ ಬಿಟ್ಟಿಲ್ಲ. ಮೇನ್ ಕೂನ್‌ನ ಒಂದು ಜೀನ್ ದೋಷ 2005ರಲ್ಲಿ, ರ‍್ಯಾಗ್‌ಡಾಲ್‌ನದು 2007ರಲ್ಲಿ ಪತ್ತೆ ಆಯ್ತು, ಟೆಸ್ಟ್ ನೋಡೋದು ಆ ಒಂದು ದೋಷ ಮಾತ್ರ. ನೆಗೆಟಿವ್ ಬಂದ ಬೆಕ್ಕಿಗೂ ಬೇರೆ ಕಾರಣದಿಂದ ಬರುತ್ತೆ. ತಂದೆ ತಾಯಿ ಎರಡರ ಎಕೋ ರಿಪೋರ್ಟ್ ಕೇಳಿ, ಈ ವರ್ಷದ್ದು ಕೇಳಿ. ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಅಲ್ಲಿ ತಗೋಬೇಡಿ. ಅಣ್ಣ ತಂಗಿ ಬೆಕ್ಕುಗಳನ್ನೇ ಕೂಡಿಸಿ ಮರಿ ಮಾಡಿ ಮಾರೋರು ನಮ್ಮ ಊರಲ್ಲಿ ಇದಾರೆ, ಅಂಥ ಮರಿಗಳ ಕಷ್ಟ ನೋಡಿ ನಂಗೆ ಸಂಕಟ ಆಗುತ್ತೆ.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಬೆಕ್ಕಿಗೆ ಹಾಲು, ಮೊಸರನ್ನ. ಅದು ಈಗ ಗಬ್ಬ. ಮರಿಗಳ ಹಾರ್ಟಿಗೆ ಏನಾದ್ರೂ ತೊಂದರೆ ಆಗುತ್ತಾ?
— ಓದುಗರು, ಶಿರಸಿ

ಉತ್ತರ: ಆಗಬಹುದು, ತಾಯಿಗೂ ಮರಿಗಳಿಗೂ. ಟಾರಿನ್ ಅಂತ ಒಂದು ಸತ್ವ ಇದೆ, ನಮ್ಮ ಮೈ ಅದನ್ನ ತಾನೇ ಮಾಡ್ಕೊಳ್ಳುತ್ತೆ, ಬೆಕ್ಕಿಗೆ ಸಾಕಾಗೋಷ್ಟು ಮಾಡ್ಕೊಳ್ಳೋಕೆ ಬರಲ್ಲ, ಮಾಂಸ ಮೀನಿಂದಲೇ ಬರಬೇಕು, ಅನ್ನ ಬೇಳೇಲಿ ಅದು ಇಲ್ಲವೇ ಇಲ್ಲ, ಹಾಲು ಮೊಸರಲ್ಲಿ ಇರೋದು ಯಾತಕ್ಕೂ ಸಾಲಲ್ಲ. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಾಲ್ ಪಿಯಾನ್ ಅನ್ನೋ ವೆಟ್ ಮತ್ತು ಜೊತೆಗಾರರು, ಹಾರ್ಟ್ ಹಿಗ್ಗಿ ಸಾಯ್ತಿದ್ದ ಬೆಕ್ಕುಗಳಲ್ಲಿ ಟಾರಿನ್ ಕಮ್ಮಿ ಇದೆ ಅಂತ ತೋರಿಸಿದ್ರು, ಟಾರಿನ್ ಕೊಟ್ಟಾಗ ಹಿಗ್ಗಿದ ಹಾರ್ಟ್ ವಾಪಸ್ ಸರಿ ಆಯ್ತು. ಆಮೇಲೆ ಬೆಕ್ಕಿನ ಫುಡ್ ಕಂಪನಿಗಳು ಅದನ್ನ ಜಾಸ್ತಿ ಸೇರಿಸಿದ ಮೇಲೆ ಆ ಕಾಯಿಲೆನೇ ಅಪರೂಪ ಆಗಿಬಿಡ್ತು. ಬಸುರಿ ಬೆಕ್ಕಿಗೆ ಟಾರಿನ್ ಸಾಲದಿದ್ರೆ ಗರ್ಭ ಕರಗೋದು, ಸತ್ತ ಮರಿ ಹುಟ್ಟೋದು, ಬೆಳವಣಿಗೆ ಇಲ್ಲದ ಮರಿ ಹುಟ್ಟೋದು ಎಲ್ಲಾ ಆಗುತ್ತೆ.

ನಿಮ್ಮ ಆಚಾರದ ಬಗ್ಗೆ ನಂಗೆ ಗೌರವ ಇದೆ, ಮನೇಲಿ ಮೀನು ಬೇಯಿಸಿ ಅಂತ ಹೇಳ್ತಿಲ್ಲ. ಪ್ಯಾಕೆಟ್ಟಲ್ಲಿ ಬರೋ ಕ್ಯಾಟ್ ಫುಡ್ ತಂದು ಅದರದ್ದೇ ಬಟ್ಟಲಲ್ಲಿ ಹಿತ್ತಲಲ್ಲಿ ಹಾಕಿ, ಗಬ್ಬದ ಬೆಕ್ಕಿಗೆ ಮರಿಗಳಿಗೆ ಅಂತ ಬರೋ ಫುಡ್ಡೇ ಒಳ್ಳೇದು. ನಾಯಿ ಫುಡ್ ಬೇಡ, ಅದು ಬೆಕ್ಕಿನ ಅಗತ್ಯಕ್ಕೆ ಮಾಡಿದ್ದಲ್ಲ. ಮೈಮೇಲೆ ಹುಳುಕಡ್ಡಿ ಇದ್ದು ಯಾರಾದ್ರೂ ಗ್ರಿಸಿಯೊಫಲ್ವಿನ್ ಮಾತ್ರೆ ಬರೆದುಕೊಟ್ಟಿದ್ರೆ ತಕ್ಷಣ ನಿಲ್ಲಿಸಿ ಡಾಕ್ಟ್ರಿಗೆ ಗಬ್ಬ ಇದೆ ಅಂತ ಹೇಳಿ, ಅದು ಹೊಟ್ಟೇಲಿರೋ ಮರಿಗಳಿಗೆ ಅಂಗವಿಕಲತೆ ತರುತ್ತೆ.

ಪ್ರಶ್ನೆ: ನಾಲ್ಕು ಮರೀಲಿ ಒಂದಕ್ಕೆ ವಿಎಸ್‌ಡಿ ಅಂತ ಗೊತ್ತಾಗಿದೆ. ಮಿಕ್ಕ ಮೂರನ್ನ ಬೇರೆಯವರಿಗೆ ಸಾಕೋಕೆ ಕೊಡಬಹುದಾ? ತಾಯಿ ಬೆಕ್ಕಿಗೆ ಇನ್ನೊಂದು ಸಲ ಮರಿ ಆಗಲಿ ಅಂತ ಮಕ್ಕಳು ಹೇಳ್ತಿದಾರೆ.
— ಓದುಗರು, ಹಾಸನ

ಉತ್ತರ: ಕೊಡಬಹುದು, ಆದ್ರೆ ಮೂರರ ಎದೇನೂ ಒಂದ್ಸಲ ಕೇಳಿಸಿ, ತಗೊಳ್ಳೋರಿಗೆ ಇದರ ಅಣ್ಣನಿಗೆ ತೂತಿದೆ ಅಂತ ಬಾಯಿಬಿಟ್ಟು ಹೇಳಿ ಕೊಡಿ, ಮುಚ್ಚಿಡಬೇಡಿ. ತೂತಿರೋ ಮರೀನ ನೀವೇ ಇಟ್ಕೊಂಡ್ರೆ ಉತ್ತಮ, ಉಸಿರು ಎಣಿಸೋ ಅಭ್ಯಾಸ ನಿಮಗಾಗ್ಲೇ ಆಗಿರುತ್ತೆ. ತಾಯಿಗೆ ಇನ್ನೊಂದು ಸೂಲು ಬೇಡ. ಎಲ್ಲಾ ದೋಷಾನೂ ವಂಶದಿಂದ್ಲೇ ಬರುತ್ತೆ ಅಂತಲ್ಲ, ಆದ್ರೆ ಬಂದಿಲ್ಲ ಅಂತ ಹೇಳೋಕೂ ನಮ್ಮತ್ರ ಪರೀಕ್ಷೆ ಇಲ್ಲ, ಹಾಗಿರುವಾಗ ಮರಿಗಳ ಜೀವದ ಮೇಲೆ ಪಣ ಕಟ್ಟೋದು ಬೇಡ. ಮಕ್ಕಳಿಗೆ ನಿಧಾನಕ್ಕೆ ತಿಳಿಸಿ ಹೇಳಿ. ಹಾಲು ಬಿಡಿಸಿದ ಕೂಡಲೇ ತಾಯಿಗೆ ಆಪರೇಷನ್ ಡೇಟ್ ತಗೊಳ್ಳಿ, ಅಲ್ಲಿವರೆಗೆ ಮನೆಯಿಂದ ಹೊರಗೆ ಬಿಡಬೇಡಿ, ಮರಿಗಳಿಗೆ ಹಾಲು ಕುಡಿಸ್ತಿರುವಾಗಲೂ ಬೆಕ್ಕು ಬೆದೆಗೆ ಬರುತ್ತೆ.